ಯಹೂದಿ ಧರ್ಮ: ಚರಿತ್ರೆ, ಆಚರಣೆ ಮತ್ತು ಕನ್ನಡ ಸೀಮೆಯ ನಂಟು

ಯಹೂದಿ ಧರ್ಮ ಇಸ್ರೇಲ್ ಜನಾಂಗದ ಧರ್ಮ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ. ಆ ದೇವರು ಅಬ್ರಹಾಮನ ಸಂತತಿಯೊಡನೆ ಒಡಂಬಡಿಕೆ ಮಾಡಿಕೊಂಡ. ಅದರ ಕಟ್ಟಳೆಗಳು ಮೋಶೆಯ ಮೂಲಕ ಬಂದ ತೋರಾದಲ್ಲಿವೆ. ಇದು ಅದರ ತಿರುಳು. ಕ್ರೈಸ್ತ ಧರ್ಮ ಇದರ ಮಡಿಲಲ್ಲೇ ಹುಟ್ಟಿತು. ಇಸ್ಲಾಂ ಇದರ ಪ್ರವಾದಿಗಳನ್ನು ತನ್ನವರೆಂದೇ ಎಣಿಸುತ್ತದೆ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರಲ್ಲಿ ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ ಎಂಬ ಹೆಸರಿನವರಿದ್ದರಷ್ಟೆ; ಇವು ಹೀಬ್ರೂ ಬೈಬಲ್ಲಿನ ಯೋಸೇಫ, ಇಷ್ಮಾಯೇಲ, ಅಬ್ರಹಾಮರ ಹೆಸರುಗಳೇ.

ಜಗತ್ತಿನಲ್ಲಿ ಯಹೂದಿಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಭಾರತದಲ್ಲಿ 2011ರ ಜನಗಣತಿಯಂತೆ ಐದು ಸಾವಿರಕ್ಕೂ ಕಡಿಮೆ. ಹಾಗಿದ್ದರೂ ಕನ್ನಡ ಸೀಮೆಗೂ ಈ ಧರ್ಮಕ್ಕೂ ಇರುವ ನಂಟು ಹನ್ನೆರಡನೆಯ ಶತಮಾನದಿಂದ ಕಾಗದದಲ್ಲೇ ದಾಖಲಾಗಿದೆ. ಮಂಗಳೂರು, ಬಿಜಾಪುರದ ಆಳ್ವಿಕೆಗೆ ಒಳಪಟ್ಟಿದ್ದ ಕೊಂಕಣ, ಶ್ರೀರಂಗಪಟ್ಟಣ, ಬೆಳಗಾವಿ, ಶಿವಮೊಗ್ಗ, ಬೆಂಗಳೂರು ಈ ಕಥೆಯೊಳಗೆ ಒಂದಲ್ಲ ಒಂದು ಕಾಲಕ್ಕೆ ಬಂದುಹೋಗುತ್ತವೆ. ಹಾಗಾಗಿ ಈ ಲೇಖನ ಧರ್ಮದ ಒಟ್ಟು ಬೆಳವಣಿಗೆಯನ್ನು ಬೇಗ ಹೇಳಿ ಮುಗಿಸಿ, ನಮ್ಮ ನೆರೆಯ ಬೆನೆ ಇಸ್ರೇಲ್ ಸಮುದಾಯದ ಬಳಿ ಹೆಚ್ಚು ಹೊತ್ತು ನಿಲ್ಲುತ್ತದೆ.

ದೇವಾಲಯದ ಕಾಲ

ಇಸ್ರೇಲ್ ಎಂಬ ಹೆಸರು ಬೈಬಲ್ಲಿನ ಹೊರಗೆ ಮೊದಲು ಕಾಣುವುದು ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಿಲಾಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ. ಅಬ್ರಹಾಮ, ಇಸಾಕ, ಯಾಕೋಬರ ಕಥೆಗಳಿಗೂ ಮೋಶೆ ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ತಂದ ಕಥೆಗೂ ಶಾಸನಾಧಾರವಿಲ್ಲ. ಆದರೆ ಆ ಬಿಡುಗಡೆಯ ನೆನಪೇ ಈ ಧರ್ಮದ ಬೆನ್ನೆಲುಬು: ದಾಸರಾಗಿದ್ದವರು ನೀವು, ಆದ್ದರಿಂದ ಪರದೇಶಿಯನ್ನು ಪೀಡಿಸಬೇಡಿ ಎಂದು ತೋರಾ ಮತ್ತೆ ಮತ್ತೆ ಹೇಳುತ್ತದೆ.

ಕ್ರಿ.ಪೂ. 1000ದ ಸುಮಾರಿಗೆ ದಾವೀದ ಜೆರುಸಲೇಮನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ಸೊಲೊಮೋನ ಅಲ್ಲಿ ಮೊದಲ ದೇವಾಲಯ ಕಟ್ಟಿಸಿದ ಎಂಬುದು ಪರಂಪರೆ. ರಾಜ್ಯ ಬೇಗನೆ ಎರಡಾಗಿ ಒಡೆಯಿತು. ಉತ್ತರದ ಇಸ್ರೇಲ್ ಕ್ರಿ.ಪೂ. 722ರಲ್ಲಿ ಅಸ್ಸೀರಿಯನ್ನರ ಪಾಲಾಯಿತು. ದಕ್ಷಿಣದ ಯೂದಾಯ ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರಿಗೆ ಸೋತಿತು. ದೇವಾಲಯ ಸುಟ್ಟುಹೋಯಿತು, ಊರಿನ ಮುಖ್ಯಸ್ಥರೆಲ್ಲ ಸೆರೆಯಾಳುಗಳಾಗಿ ಹೋದರು. ತಮ್ಮ ದೇವರು ಒಂದು ಬೆಟ್ಟದ, ಒಂದು ಗುಡಿಯ ದೇವರಲ್ಲ, ಎಲ್ಲಿದ್ದರೂ ಕೇಳುವವನು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆ ಸೆರೆಯ ದಿನಗಳಲ್ಲಿ. ಪಾರಸಿಕ ದೊರೆ ಸೈರಸ್ ಕ್ರಿ.ಪೂ. 538ರಲ್ಲಿ ಮರಳಲು ಅಪ್ಪಣೆ ಕೊಟ್ಟ ಮೇಲೆ ಎರಡನೆಯ ದೇವಾಲಯ ಎದ್ದಿತು. ಮುಂದೆ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ಅದನ್ನು ಅಪವಿತ್ರಗೊಳಿಸಿದಾಗ ಮಕ್ಕಬಿಯರೆಂಬ ಯಹೂದಿ ಮನೆತನದವರು ದಂಗೆಯೆದ್ದರು, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಿ ಮಾಡಿದ್ದರ ನೆನಪೇ ಎಂಟು ದಿನ ದೀಪ ಹಚ್ಚುವ ಹನುಕ್ಕಾ. ಕ್ರಿ.ಶ. 70ರಲ್ಲಿ ರೋಮನ್ನರು ಈ ದೇವಾಲಯವನ್ನೂ ಕೆಡವಿದರು. ಉಳಿದದ್ದು ಅದರ ಜಗತಿಯ ಪಡುವಣ ಗೋಡೆ. ಇಂದಿಗೂ ಜನ ಅದರೆದುರು ನಿಂತು ಪ್ರಾರ್ಥಿಸುತ್ತಾರೆ.

ಗುಡಿಯಿಂದ ಗ್ರಂಥಕ್ಕೆ

ಬಲಿಪೀಠವೂ ಪುರೋಹಿತರೂ ಇಲ್ಲದೆ ಬಲಿಪ್ರಧಾನವಾದ ಧರ್ಮವೊಂದು ಉಳಿಯುವುದು ಹೇಗೆ? ಆ ಕಾಲದ ಹತ್ತಾರು ಧರ್ಮಗಳು ತಮ್ಮ ಗುಡಿಗಳೊಡನೆಯೇ ಹೋದವು. ಯಹೂದಿ ಧರ್ಮ ಉಳಿದದ್ದಕ್ಕೆ ಕಾರಣ ರಬ್ಬಿಗಳು, ಎಂದರೆ ಶಾಸ್ತ್ರ ಬಲ್ಲ ಗುರುಗಳು. ಯೋಹನಾನ್ ಬೆನ್ ಝಕ್ಕಾಯ್ ಯಾವ್ನೆ ಎಂಬ ಊರಿನಲ್ಲಿ ಪಾಠಶಾಲೆ ನಡೆಸಿದ. ಬಲಿಯ ಜಾಗಕ್ಕೆ ದಿನದ ಮೂರು ಹೊತ್ತಿನ ಪ್ರಾರ್ಥನೆ ಬಂತು, ಬಲಿಪೀಠದ ಜಾಗಕ್ಕೆ ಮನೆಯ ಊಟದ ಮಣೆ ಬಂತು, ಪುರೋಹಿತನ ಜಾಗಕ್ಕೆ ಓದಬಲ್ಲ ಯಾವ ಗೃಹಸ್ಥನಾದರೂ ಸರಿ ಎಂದಾಯಿತು. ಕ್ರಿ.ಶ. 132ರಿಂದ 135ರವರೆಗೆ ನಡೆದ ಬಾರ್ ಕೊಖ್ಬಾ ದಂಗೆಯೂ ಸೋತ ಮೇಲೆ ರಾಜ್ಯದ ಆಸೆ ದೂರವಾಯಿತು. ಶಾಸ್ತ್ರದ ಕೆಲಸ ಮಾತ್ರ ನಿಲ್ಲಲಿಲ್ಲ.

ಬಾಯಿಂದ ಬಾಯಿಗೆ ಬಂದಿದ್ದ ವ್ಯಾಖ್ಯಾನಗಳನ್ನು ಯೆಹೂದಾ ಹನಾಸಿ ಸುಮಾರು ಕ್ರಿ.ಶ. 200ರಲ್ಲಿ ಮಿಶ್ನಾ ಎಂಬ ಸಂಕಲನಕ್ಕೆ ತಂದ. ಅದರ ಮೇಲಿನ ಚರ್ಚೆಗಳು ಸೇರಿ ತಾಲ್ಮೂದ್ ಆಯಿತು: ಒಂದು ಗಲಿಲಾಯದ್ದು, ಇನ್ನೊಂದು ಬ್ಯಾಬಿಲೋನಿನದು. ಆರನೆಯ ಶತಮಾನದ ಹೊತ್ತಿಗೆ ರೂಪುಗೊಂಡ ಬ್ಯಾಬಿಲೋನಿನ ತಾಲ್ಮೂದೇ ಹೆಚ್ಚು ಪ್ರಮಾಣ. ಅದನ್ನು ಧರ್ಮಶಾಸ್ತ್ರ ಎನ್ನುವುದಕ್ಕಿಂತ ಶತಮಾನಗಳ ವಾದವಿವಾದದ ವರದಿ ಎಂದರೆ ಸರಿಹೋಗುತ್ತದೆ. ಸೋತ ಪಕ್ಷದ ಅಭಿಪ್ರಾಯವನ್ನೂ ಹೇಳಿದವನ ಹೆಸರು ಸಹಿತ ಬರೆದಿಟ್ಟಿದ್ದಾರೆ. ತೀರ್ಪಿನಷ್ಟೇ ತಕರಾರಿಗೂ ಪಾವಿತ್ರ್ಯ ಕೊಟ್ಟ ಗ್ರಂಥಗಳು ಜಗತ್ತಿನಲ್ಲಿ ವಿರಳ.

ತೋರಾದಲ್ಲಿ 613 ಆಜ್ಞೆಗಳಿವೆ ಎಂಬುದು ಸಾಂಪ್ರದಾಯಿಕ ಲೆಕ್ಕ. 248 ಮಾಡಬೇಕಾದವು, 365 ಮಾಡಬಾರದವು. ಹಲವು ದೇವಾಲಯಕ್ಕೆ ಸಂಬಂಧಿಸಿದವಾದ್ದರಿಂದ ಈಗ ನಡೆಯುವಂಥವಲ್ಲ. ಮಧ್ಯಯುಗದಲ್ಲಿ ಫ್ರಾನ್ಸಿನ ರಾಶಿ (1040–1105) ಹೆಚ್ಚುಕಡಿಮೆ ಇಡೀ ಗ್ರಂಥರಾಶಿಗೆ ಸರಳ ಟೀಕೆ ಬರೆದ. ಸ್ಪೇನಿನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮೈಮೊನಿಡೀಸ್ (1138–1204) ತರ್ಕಕ್ಕೂ ಶ್ರುತಿಗೂ ಹೊಂದಾಣಿಕೆ ಹುಡುಕಿದ. ಹದಿಮೂರನೆಯ ಶತಮಾನದ ಕೊನೆಗೆ ಸ್ಪೇನಿನಲ್ಲಿ ಕಾಣಿಸಿಕೊಂಡ ಝೋಹರ್ ಗ್ರಂಥದಿಂದ ಕಬ್ಬಾಲಾ ಎಂಬ ಅನುಭಾವ ಪಂಥ ಬಲಗೊಂಡಿತು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿತು. 1497ರಲ್ಲಿ ಪೋರ್ಚುಗಲ್ ಬಲವಂತದ ಮತಾಂತರ ಮಾಡಿಸಿತು. ಈ ಎರಡನೆಯ ಘಟನೆಯ ಬಿಸಿ ಗೋವೆಯವರೆಗೂ ತಟ್ಟಿತು.

ಮಂಗಳೂರಿನ ವರ್ತಕ

ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬ ನೇಮ ಯಹೂದಿಗಳಲ್ಲಿದೆ. ಹಾಗಾಗಿ ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನ ಬೆನ್ ಎಜ್ರಾ ಸಿನಗಾಗ್ ಎಂಬ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಗದ ರಾಶಿ ಬಿದ್ದಿತ್ತು. ಶಾಸ್ತ್ರದ ಹಾಳೆಗಳ ಜೊತೆ ವ್ಯಾಪಾರದ ಪತ್ರ, ಮದುವೆಯ ಕರಾರು, ಸಾಲದ ಚೀಟಿ ಎಲ್ಲ ಅಲ್ಲಿದ್ದವು. ವಿದ್ವಾಂಸ ಸೊಲೊಮನ್ ಶೆಕ್ಟರ್ 1896–97ರಲ್ಲಿ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದ. ಮುಂದೆ ಎಸ್.ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಆ ರಾಶಿಯಿಂದ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಹೆಕ್ಕಿ ತೆಗೆದರು.

ಅವುಗಳಿಂದ ಎದ್ದುಬಂದವನು ಅಬ್ರಹಾಮ್ ಬೆನ್ ಯಿಜು. ಟ್ಯುನೀಷಿಯದ ಮಹ್ದಿಯಾ ಊರಿನವನು, ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ಹೆಚ್ಚುಕಡಿಮೆ ಹದಿನೇಳು ವರ್ಷ ನೆಲೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ. ಕಂಚು ಹಿತ್ತಾಳೆಯ ಪಾತ್ರೆ ಮಾಡುವ ಕಾರ್ಖಾನೆಯನ್ನೂ ನಡೆಸಿದ. ಒಡೆದ ಪಾತ್ರೆಗಳು ಏಡನ್ನಿನಿಂದ ಇಲ್ಲಿಗೆ ಬಂದು ಹೊಸದಾಗಿ ಹೋಗುತ್ತಿದ್ದವು. ಏಡನ್ನಿನ ವರ್ತಕರ ಮುಖ್ಯಸ್ಥ ಮದ್ಮೂನ್ ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅದರಲ್ಲಿ ಅವಳಿಗೆ ಬೆರಾಖಾ ಎಂದು ಹೀಬ್ರೂ ಹೆಸರು. ಅವಳಿಂದ ಅವನಿಗೆ ಮಕ್ಕಳಾದರು. ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳುತ್ತಿದ್ದ ಕಾಲ ಅದು. ಬೆನ್ ಯಿಜುವಿನ ವ್ಯವಹಾರಕ್ಕೆ ಏಡನ್ನಿಗೆ ಓಡಾಡುತ್ತಿದ್ದ ಆಳಿನ ಹೆಸರು ಬೊಮ್ಮ. ಪತ್ರಗಳಲ್ಲಿ ಬರಿಯ ಹೆಸರಾಗಿದ್ದ ಈ ಬೊಮ್ಮನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದಕ್ಕಾಗಿ ಮಂಗಳೂರಿಗೆ ಬಂದು ತುಳುನಾಡಿನ ಭೂತಾರಾಧನೆಯವರೆಗೂ ಹುಡುಕಿದರು. ಬೆನ್ ಯಿಜು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದ. ಆಶು ಅವನೊಡನೆ ಹೋದಂತೆ ಕಾಣುವುದಿಲ್ಲ.

ಈ ಕಡಲ ದಾರಿ ಮೈಮೊನಿಡೀಸನ ಮನೆಯನ್ನೂ ಮುಟ್ಟಿತ್ತು. ಅವನ ತಮ್ಮ ದಾವೀದ ರತ್ನವ್ಯಾಪಾರಿ. ಭಾರತದ ಕಡೆ ಹೊರಟವನು ಸಮುದ್ರದಲ್ಲಿ ಮುಳುಗಿ ಸತ್ತ. ಅಣ್ಣ ಆ ದುಃಖದಲ್ಲಿ ವರ್ಷದ ಮೇಲೆ ಹಾಸಿಗೆ ಹಿಡಿದನಂತೆ. ಅದೇ ಮೈಮೊನಿಡೀಸ್ ಹನ್ನೆರಡನೆಯ ಶತಮಾನದ ಕೊನೆಗೆ ಫ್ರಾನ್ಸಿನ ವಿದ್ವಾಂಸರಿಗೆ ಬರೆದ ಪತ್ರದಲ್ಲಿ ಭಾರತದ ಯಹೂದಿಗಳನ್ನು ಒಂದು ಮಾತಿನಲ್ಲಿ ನೆನೆದಿದ್ದಾನೆ: ಅವರಿಗೆ ಶಾಸ್ತ್ರ ಗೊತ್ತಿಲ್ಲ, ಅವರಲ್ಲಿ ಉಳಿದಿರುವುದು ಶನಿವಾರದ ವಿಶ್ರಾಂತಿ ಮತ್ತು ಎಂಟನೆಯ ದಿನದ ಸುನ್ನತಿ ಮಾತ್ರ. ಅವನ ಮನಸ್ಸಿನಲ್ಲಿದ್ದವರು ಯಾರೇ ಇರಲಿ, ಆ ವಿವರಣೆ ಕೊಂಕಣದ ಬೆನೆ ಇಸ್ರೇಲರಿಗೆ ಹೊಲಿಸಿದ ಅಂಗಿಯಂತೆ ಒಪ್ಪುತ್ತದೆ.

ಬೆನೆ ಇಸ್ರೇಲರು

ಅಲಿಬಾಗಿನ ಹತ್ತಿರ ನವಗಾಂವ್ ಕಡಲತೀರದಲ್ಲಿ ಹಡಗೊಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು. ಗ್ರಂಥ, ಸಾಮಾನು ಎಲ್ಲ ನೀರುಪಾಲಾಯಿತು ಎಂಬುದು ಈ ಸಮುದಾಯದ ಮೂಲಕಥೆ. ಕಾಲದ ಬಗ್ಗೆ ಒಮ್ಮತವಿಲ್ಲ. ಸಮುದಾಯದ ಚರಿತ್ರೆ ಬರೆದ ಹಾಯಿಮ್ ಸ್ಯಾಮ್ಯುಯೆಲ್ ಕೇಹಿಮ್‌ಕರ್ ಅದನ್ನು ಕ್ರಿ.ಪೂ. ಎರಡನೆಯ ಶತಮಾನಕ್ಕೆ ಒಯ್ಯುತ್ತಾರೆ; ಇದನ್ನು ಒಪ್ಪಲು ಬೇರೆ ಆಧಾರ ಸಿಕ್ಕಿಲ್ಲ. 2016ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರಲ್ಲಿ ಮಧ್ಯಪ್ರಾಚ್ಯದ ಯಹೂದಿ ಮೂಲವೂ ಭಾರತೀಯ ಮೂಲವೂ ಕೂಡಿರುವುದನ್ನು ತೋರಿಸಿತು. ಕಥೆಗೆ ಪೂರ್ತಿ ಸಾಕ್ಷಿಯಲ್ಲದಿದ್ದರೂ ವಿರೋಧವೂ ಅಲ್ಲ.

ದಡ ಸೇರಿದವರು ಗಾಣ ಕಟ್ಟಿ ಎಣ್ಣೆ ತೆಗೆಯುವ ಕಸುಬು ಹಿಡಿದರು. ಮರಾಠಿ ಮಾತಾಡಿದರು, ನೆಲೆಸಿದ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿ ಅಡ್ಡಹೆಸರು ಮಾಡಿಕೊಂಡರು: ಕೇಹಿಮ್‌ಕರ್, ದಿವೇಕರ್, ನವಗಾಂವ್‌ಕರ್. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಶನಿವಾರ ತೇಲಿಗಳೆಂದು, ಎಂದರೆ ಶನಿವಾರದ ಗಾಣಿಗರೆಂದು, ಕರೆದರು. ಇದನ್ನು ವಿಚಿತ್ರವೆಂದು ಯಾರೂ ಕಾಣಲಿಲ್ಲ, ಏಕೆಂದರೆ ಸೋಮವಾರ ಗಾಣ ನಿಲ್ಲಿಸುವ ತೇಲಿಗಳೂ ಅಲ್ಲೇ ಇದ್ದರು. ಬಿಜಾಪುರದ ಬಳಿಯ ತಿಕೋಟಾ, ಬಿಜ್ಜರಗಿ ಕಡೆಯ ರೈತರಿಗೂ ಇದು ಸಹಜವಾಗಿ ತಿಳಿಯುತ್ತದೆ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ತೋರಾದ ವಿಶ್ರಾಂತಿಯ ಆಜ್ಞೆಯೂ ಯಜಮಾನನಿಗೆ ಮಾತ್ರವಲ್ಲ, ಆಳಿಗೆ, ಎತ್ತಿಗೆ, ಕತ್ತೆಗೆ ಕೂಡ ಎಂದು ಹೆಸರು ಹಿಡಿದೇ ಹೇಳುತ್ತದೆ.

ಗ್ರಂಥವಿಲ್ಲದೆ ಇವರು ಉಳಿಸಿಕೊಂಡದ್ದು ಶನಿವಾರ, ಸುನ್ನತಿ, ಕೆಲವು ಆಹಾರ ನೇಮ ಮತ್ತು ಒಂದೇ ಒಂದು ಹೀಬ್ರೂ ವಾಕ್ಯ: ದೇವರು ಒಬ್ಬನೇ ಎಂದು ಸಾರುವ ‘ಶೆಮಾ ಇಸ್ರಾಯೇಲ್’. ಹುಟ್ಟಿಗೂ ಅದೇ, ಮದುವೆಗೂ ಅದೇ, ಸಾವಿಗೂ ಅದೇ. ಹಬ್ಬಗಳು ಹೀಬ್ರೂ ಹೆಸರು ಕಳೆದುಕೊಂಡು ಮರಾಠಿಯಲ್ಲಿ ಬದುಕಿದವು. ಹೊಸ ವರ್ಷ ‘ನವ್ಯಾಚಾ ಸಣ್’ ಆಯಿತು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಲ್ಲಿ ಬಿಳಿ ಬಟ್ಟೆಯುಟ್ಟು ಬಾಗಿಲು ಮುಚ್ಚಿಕೊಂಡು ಉಪವಾಸ ಇರುತ್ತಿದ್ದರು, ಹಾಗಾಗಿ ಅದು ಬಾಗಿಲು ಮುಚ್ಚುವ ಹಬ್ಬ, ‘ದಾರ್‌ಫಾಳ್ಣೀಚಾ ಸಣ್’. ಪರ್ಣಶಾಲೆಯ ಹಬ್ಬದ ತಿಂಗಳಿನಲ್ಲೇ ಪಾಯಸದ ‘ಖಿರೀಚಾ ಸಣ್’. ಪೂರಿಮ್ ಹಬ್ಬ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲೇ ಬರುವುದರಿಂದ ‘ಹೋಳೀಚಾ ಸಣ್’. ದೇವಾಲಯ ನಾಶದ ಶೋಕದಿನಕ್ಕೆ ಮೊಳಕೆ ಅವರೆಯ ಪಲ್ಯ ಮಾಡುತ್ತಿದ್ದರಾದ್ದರಿಂದ ‘ಬಿರಡ್ಯಾಚಾ ಸಣ್’. ದೇವಾಲಯ ನಾಶವಾದದ್ದೇ ಮರೆತುಹೋಗಿತ್ತು, ಪಲ್ಯ ಉಳಿಯಿತು. ಶಾಸ್ತ್ರ ಸತ್ತರೂ ಪಂಚಾಂಗ ಮತ್ತು ಅಡಿಗೆಮನೆ ಒಂದು ಧರ್ಮವನ್ನು ಎಷ್ಟು ದೂರ ಹೊತ್ತೊಯ್ಯಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನೆರೆಯವರ ರೂಢಿಗಳೂ ಒಳಗೆ ಬಂದವು. ದನದ ಮಾಂಸ ಶಾಸ್ತ್ರಕ್ಕೆ ಸಮ್ಮತವಾದರೂ ಇವರು ತಿನ್ನಲಿಲ್ಲ. ವಿಧವಾ ವಿವಾಹ ಶಾಸ್ತ್ರಕ್ಕೆ ಸಮ್ಮತವಾದರೂ ಮಾಡಲಿಲ್ಲ. ಮಿಶ್ರ ಮದುವೆಯ ಸಂತತಿಯೆಂದು ಕೆಲವರನ್ನು ‘ಕಾಳೆ’ ಎಂದು ಕರೆದು, ‘ಗೋರೆ’ ಎನಿಸಿಕೊಂಡವರು ಅವರೊಡನೆ ಸಂಬಂಧ ಬೆಳೆಸದೆ ಹೋದರು. ಜಾತಿಯ ರೋಗ ಬಂದ ಅತಿಥಿಯನ್ನೂ ಬಿಡಲಿಲ್ಲ.

ಇವರನ್ನು ಮತ್ತೆ ಜಗತ್ತಿನ ಯಹೂದಿಗಳಿಗೆ ಜೋಡಿಸಿದವನು ಡೇವಿಡ್ ರಹಾಬಿ. ಅವನ ಕಾಲದ ಬಗ್ಗೆಯೂ ವಾದಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಕೊಚ್ಚಿಯಿಂದ ಬಂದವನೆಂದು ಹಲವರ ಮತ. ಅವನು ಪರೀಕ್ಷೆಗಾಗಿ ಹೆಂಗಸರ ಕೈಗೆ ನಾನಾ ಬಗೆಯ ಮೀನು ಕೊಟ್ಟನಂತೆ. ಅವರು ರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನಷ್ಟೇ ಒಲೆಗೇರಿಸಿ ಉಳಿದದ್ದನ್ನು ಬದಿಗಿಟ್ಟರು. ಅದು ತೋರಾದ ನೇಮ. ರಹಾಬಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮೂರು ಮನೆತನದವರಿಗೆ ಹೀಬ್ರೂ ಕಲಿಸಿ ವಿಧಿ ನಡೆಸಲು ನೇಮಿಸಿದ; ಅವರಿಗೆ ಕಾಜಿ ಎಂಬ ಹೆಸರು ಬಂತು.

ಬಿಜಾಪುರ, ಗೋವೆ, ಶ್ರೀರಂಗಪಟ್ಟಣ

1498ರಲ್ಲಿ ವಾಸ್ಕೋ ಡ ಗಾಮ ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿದ್ದ. ಅಲ್ಲಿಗೆ ಗೋವೆಯ ಒಡೆಯನ ಕಡೆಯಿಂದ ಬಂದ ವಯಸ್ಸಾದ ಬಿಳಿಯನೊಬ್ಬ ಗೂಢಚಾರನೆಂದು ಸಿಕ್ಕಿಬಿದ್ದ. ಹೊಡೆದು ಬಡಿದು ಕೇಳಿದಾಗ ತಾನು ಯಹೂದಿ ಎಂದು ಹೇಳಿಕೊಂಡ. ಪೋರ್ಚುಗೀಸರು ಸಬಾಯೋ ಎಂದು ಕರೆಯುತ್ತಿದ್ದ ಅವನ ಒಡೆಯ ಬಿಜಾಪುರದ ಯೂಸುಫ್ ಆದಿಲ್ ಖಾನ್ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಲಿಸ್ಬನ್ನಿಗೆ ಒಯ್ದು ಕ್ರೈಸ್ತನನ್ನಾಗಿ ಮಾಡಿ ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲನ ಹಡಗಿನಲ್ಲಿ ದುಭಾಷಿಯಾಗಿ ಬ್ರೆಜಿಲ್ ತೀರವನ್ನೂ ಕಂಡ. ಬಿಜಾಪುರದ ಉಪ್ಪು ತಿಂದವನೊಬ್ಬ ಅಮೆರಿಕ ಖಂಡದ ನೆಲದ ಮೇಲೆ ಅಷ್ಟು ಬೇಗ ಕಾಲಿಟ್ಟದ್ದು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ.

1510ರಲ್ಲಿ ಗೋವೆ ಆದಿಲ್‌ಶಾಹಿಯಿಂದ ಪೋರ್ಚುಗೀಸರ ಕೈಗೆ ಹೋಯಿತು. 1560ರಲ್ಲಿ ಅಲ್ಲಿ ಧರ್ಮವಿಚಾರಣಾ ಮಂಡಲಿ, ಇನ್‌ಕ್ವಿಸಿಷನ್, ನೆಲೆಯೂರಿತು. ಬಲವಂತವಾಗಿ ಕ್ರೈಸ್ತರಾಗಿದ್ದ ಯಹೂದಿ ಮೂಲದವರು ಅದರ ಮುಖ್ಯ ಗುರಿಗಳಲ್ಲಿದ್ದರು. ಭಾರತದ ಔಷಧಿಗಳ ಮೇಲೆ 1563ರಲ್ಲಿ ಗೋವೆಯಲ್ಲೇ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಮನೆತನದವನು. ಅವನು 1568ರಲ್ಲಿ ಸತ್ತ. ಮರುವರ್ಷ ಅವನ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೇ ಅಗೆದು ತೆಗೆದು ಸುಟ್ಟರು. ಭಾರತದ ನೆಲದಲ್ಲಿ ಯಹೂದಿಗಳಿಗೆ ಕಿರುಕುಳವಾಗಿಲ್ಲ ಎಂಬ ಮಾತು ಸ್ಥೂಲವಾಗಿ ನಿಜ, ಆದರೆ ಅದನ್ನು ಹೇಳುವಾಗ ಗೋವೆಯನ್ನು ಮರೆಯಬಾರದು.

1636ರ ಒಪ್ಪಂದದಲ್ಲಿ ಅಹ್ಮದನಗರದ ನಿಜಾಮಶಾಹಿ ಅಳಿದು ಅದರ ಕೊಂಕಣದ ಭಾಗ ಬಿಜಾಪುರಕ್ಕೆ ಬಂದಾಗ ಬೆನೆ ಇಸ್ರೇಲರ ಸೀಮೆಯೂ ಕೆಲವು ದಶಕ ಬಿಜಾಪುರದ ಆಳ್ವಿಕೆಗೆ ಒಳಪಟ್ಟಿತು. ಮುಂದೆ ಮರಾಠರು, ಅವರ ನೌಕಾಪಡೆಯ ಆಂಗ್ರೆ ಮನೆತನದವರು, ಇಂಗ್ಲಿಷರು ಬಂದರು. ಇಂಗ್ಲಿಷರ ಮುಂಬಯಿ ಪಡೆಗೆ ಬೆನೆ ಇಸ್ರೇಲರು ಹೆಚ್ಚಾಗಿ ಸೇರಿದರು. ಅವರಲ್ಲಿ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಮನೆಮಾತಿನಲ್ಲಿ ಸಮಾಜಿ ಹಸಾಜಿ, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ಜಾತಿ ಯಾವುದೆಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಬರುವ ಆ ಜನರನ್ನು ತಾನು ಕಂಡೇ ಇಲ್ಲವೆಂದು ಟಿಪ್ಪುವಿನ ತಾಯಿ ಹೇಳಿ ಜೀವ ಉಳಿಸಿದಳೆಂಬುದು ಸಮುದಾಯದ ಐತಿಹ್ಯ. ಐತಿಹ್ಯದ ಪಾಡು ಏನೇ ಇರಲಿ, ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಬೆನೆ ಇಸ್ರೇಲರ ಮೊದಲ ಸಿನಗಾಗ್ ಕಟ್ಟಿಸಿದ. ಅದಕ್ಕೆ ಶಾರ್ ಹರಹಮೀಮ್, ಕರುಣೆಯ ಬಾಗಿಲು, ಎಂದು ಹೆಸರು. ಅದಕ್ಕೆ ತೋರಾದ ಸುರುಳಿ ತರಲು ಕೊಚ್ಚಿಗೆ ಹೋದವನು ಮರುವರ್ಷ ಅಲ್ಲೇ ತೀರಿಕೊಂಡ. ಜನ ಸಿನಗಾಗನ್ನೂ ಮಶೀದಿ ಎಂದೇ ಕರೆಯುತ್ತಿದ್ದರು. ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣದ ಹೆಸರು ಇದರಿಂದಲೇ ಬಂದದ್ದೆಂಬ ಮಾತು ಪ್ರಚಲಿತವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯ ಯಹೂದಿ ಗುರುಗಳೂ, ಮತಾಂತರದ ಆಸೆಯಿಂದಲೇ ಹೀಬ್ರೂ ಕಲಿಸಿದ ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ ಕೂಡ ಈ ಸಮುದಾಯವನ್ನು ಮತ್ತೆ ಗ್ರಂಥಕ್ಕೆ ಜೋಡಿಸಿದರು. ವಿಲ್ಸನ್ನರ ಲೆಕ್ಕ ತಪ್ಪಿತು. ಹೀಬ್ರೂ ಕಲಿತವರು ಹೆಚ್ಚು ಗಟ್ಟಿ ಯಹೂದಿಗಳಾದರು. ಪಾಸ್ಕ ಹಬ್ಬದ ರಾತ್ರಿ ಓದುವ ಹಗ್ಗಾದಾ ಮರಾಠಿ ಅನುವಾದದೊಡನೆ 1846ರಲ್ಲಿ ಮುಂಬಯಿಯಲ್ಲೂ, 1874ರಲ್ಲಿ ಚಿತ್ರಸಹಿತ ಪುಣೆಯಲ್ಲೂ ಅಚ್ಚಾಯಿತು. ಪುಣೆಯ ಚಿತ್ರದಲ್ಲಿ ಸೀರೆಯುಟ್ಟ ಹೆಂಗಸರು ಹುಳಿಯಿಲ್ಲದ ರೊಟ್ಟಿ ತಟ್ಟುತ್ತಿದ್ದಾರೆ. 1880ರಿಂದ ಅಬ್ರಹಾಮ, ಯೋಸೇಫ, ಮೋಶೆಯರ ಕಥೆಗಳನ್ನು ಮರಾಠಿ ಕೀರ್ತನವಾಗಿ ಹಾಡತೊಡಗಿ, ಅದಕ್ಕೆಂದೇ ಮಂಡಳಿ ಕಟ್ಟಿಕೊಂಡರು.

ಆಧುನಿಕ ಕಾಲದ ಕವಲುಗಳು

ಯುರೋಪಿನಲ್ಲಿ ಹದಿನೆಂಟನೆಯ ಶತಮಾನ ಈ ಧರ್ಮವನ್ನು ಎರಡು ದಿಕ್ಕಿಗೆ ಎಳೆಯಿತು. ಪೂರ್ವ ಯುರೋಪಿನ ಬಡವರ ನಡುವೆ ಬಾಲ್ ಶೆಮ್ ತೋವ್ ಆರಂಭಿಸಿದ ಹಸೀದಿ ಪಂಥ ಪಾಂಡಿತ್ಯಕ್ಕಿಂತ ಭಕ್ತಿ, ಹಾಡು, ಕುಣಿತಕ್ಕೆ ಬೆಲೆ ಕೊಟ್ಟಿತು. ಬರ್ಲಿನ್ನಿನ ಮೋಸೆಸ್ ಮೆಂಡೆಲ್‌ಸನ್ (1729–1786) ಯಹೂದಿಯಾಗಿದ್ದೇ ಆಧುನಿಕ ಪ್ರಜೆಯಾಗಬಹುದೆಂದು ವಾದಿಸಿದ. 1791ರಲ್ಲಿ ಫ್ರಾನ್ಸ್ ಸಮಾನ ಪೌರತ್ವ ಕೊಟ್ಟಿತು. ಆ ಬಳಿಕ ಮೂರು ಮುಖ್ಯ ಕವಲುಗಳು ಮೂಡಿದವು: ತೋರಾದ ಕಟ್ಟಳೆ ಬದಲಾಗದೆಂಬ ಆರ್ಥೊಡಾಕ್ಸ್, ಕಾಲಕ್ಕೆ ತಕ್ಕಂತೆ ಬದಲಾಯಿಸಬೇಕೆಂಬ ರಿಫಾರ್ಮ್, ಇವೆರಡರ ನಡುವಿನ ಕನ್ಸರ್ವೇಟಿವ್. ರಿಫಾರ್ಮ್ ಪಂಥದಲ್ಲಿ ಹೆಣ್ಣುಮಕ್ಕಳೂ ರಬ್ಬಿಗಳಾಗಬಹುದು. ಮೊದಲಿಗಳಾದ ರೆಗಿನಾ ಯೋನಾಸ್ 1935ರಲ್ಲಿ ಜರ್ಮನಿಯಲ್ಲಿ ದೀಕ್ಷೆ ಪಡೆದಳು, ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಸತ್ತಳು.

ಭಾರತಕ್ಕೆ ಈ ಉದಾರ ಪಂಥವನ್ನು ತಂದವರು ಶಿವಮೊಗ್ಗದಲ್ಲಿ ಹುಟ್ಟಿದ ಬೆನೆ ಇಸ್ರೇಲ್ ಹೆಣ್ಣುಮಗಳು, ಡಾ. ಜೆರೂಶಾ ಝಿರಾಡ್ (1890–1984). ಸರಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನಲ್ಲಿ ಪ್ರಸೂತಿಶಾಸ್ತ್ರ ಓದುವಾಗ ಅಲ್ಲಿನ ಉದಾರ ಯಹೂದಿ ಚಳವಳಿಯ ಲಿಲಿ ಮಾಂಟೆಗ್ಯೂ ಅವರ ಪರಿಚಯವಾಯಿತು. 1925ರಲ್ಲಿ ಝಿರಾಡ್ ಮುಂಬಯಿಯಲ್ಲಿ ಯಹೂದಿ ಧಾರ್ಮಿಕ ಒಕ್ಕೂಟ ಸ್ಥಾಪಿಸಿದರು. ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ವರ್ಷಗಟ್ಟಲೆ ದುಡಿದ ಅವರಿಗೆ 1966ರಲ್ಲಿ ಪದ್ಮಶ್ರೀ ಬಂತು. ಅವರಿಗಿಂತ ಒಂದು ವರ್ಷ ಮೊದಲು ಬೆಳಗಾವಿಯಲ್ಲಿ ಹುಟ್ಟಿದ ರೆಬೆಕಾ ರೂಬೆನ್ ಮುಂಬಯಿಯ ಇಸ್ರೇಲೈಟ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಒಂದು ತಲೆಮಾರನ್ನೇ ತಿದ್ದಿದರು. ಕರ್ನಾಟಕದ ಸಾಧಕಿಯರ ಪಟ್ಟಿಗಳಲ್ಲಿ ಈ ಇಬ್ಬರ ಹೆಸರು ಅಪರೂಪ; ಇರಬೇಕಾಗಿತ್ತು.

ಥಿಯೋಡರ್ ಹರ್ಝ್‌ಲ್ 1897ರಲ್ಲಿ ಬಾಸೆಲ್‌ನಲ್ಲಿ ಕರೆದ ಸಮಾವೇಶದಿಂದ ರಾಜಕೀಯ ಜಿಯೋನಿಸಂ, ಎಂದರೆ ಯಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿ, ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. 1948ರ ಮೇ 14ರಂದು ಇಸ್ರೇಲ್ ರಾಷ್ಟ್ರ ಘೋಷಣೆಯಾಯಿತು. ಪ್ಯಾಲೆಸ್ತೀನಿನ ಲಕ್ಷಾಂತರ ಅರಬರು ಮನೆಮಠ ಕಳೆದುಕೊಂಡರು. ಆ ಜಗಳ ಇನ್ನೂ ತೀರಿಲ್ಲ. ಯಹೂದಿ ಧರ್ಮ, ಇಸ್ರೇಲ್ ಸರಕಾರ ಎರಡೂ ಒಂದೇ ಎಂದು ತಿಳಿಯುವುದು ತಪ್ಪು. ಯಹೂದಿಗಳಲ್ಲೇ ಆ ಸರಕಾರದ ಕಟು ಟೀಕಾಕಾರರು ಹೇರಳವಾಗಿದ್ದಾರೆ.

ಇಂದಿನ ಆಚರಣೆ

ವಾರದ ತಿರುಗಣಿ ಶಬ್ಬತ್. ಶುಕ್ರವಾರ ಹೊತ್ತು ಮುಳುಗುವ ಮೊದಲು ಮನೆಯೊಡತಿ ದೀಪ ಹಚ್ಚುತ್ತಾಳೆ. ಶನಿವಾರ ನಕ್ಷತ್ರ ಮೂಡುವವರೆಗೆ 39 ಬಗೆಯ ಕೆಲಸಗಳು ನಿಷಿದ್ಧ. ಬೆಂಕಿ ಹೊತ್ತಿಸುವುದು ಅವುಗಳಲ್ಲೊಂದಾದ್ದರಿಂದ ಕಟ್ಟುನಿಟ್ಟಿನವರು ವಿದ್ಯುತ್ ಗುಂಡಿಯನ್ನೂ ಒತ್ತುವುದಿಲ್ಲ. ಅವರಿಗಾಗಿ ಇಸ್ರೇಲಿನ ಹೋಟೆಲುಗಳಲ್ಲಿ ಪ್ರತಿ ಅಂತಸ್ತಿನಲ್ಲೂ ತಾನೇ ನಿಲ್ಲುವ ಶಬ್ಬತ್ ಲಿಫ್ಟುಗಳಿವೆ. ಊಟಕ್ಕೆ ಮುಂಚೆ ದ್ರಾಕ್ಷಾರಸದ ಮೇಲೆ ಕಿದ್ದೂಶ್ ಎಂಬ ಆಶೀರ್ವಚನ ಹೇಳಬೇಕು. ಮದ್ಯವೇ ಆಗಬೇಕೆಂದಿಲ್ಲ, ಬೆನೆ ಇಸ್ರೇಲರು ಒಣದ್ರಾಕ್ಷಿಯನ್ನು ನೆನೆಹಾಕಿ, ಕಿವುಚಿ, ಸೋಸಿದ ಶರಬತ್ತನ್ನೇ ಬಳಸುತ್ತಾರೆ. ತಿಕೋಟಾ, ಬಾಬಲೇಶ್ವರ ಕಡೆ ಶೆಡ್ಡುಗಳಲ್ಲಿ ಒಣಗುವ ಮಣೂಕದಂಥದೇ ಸರಕು.

ಆಹಾರದ ನೇಮಕ್ಕೆ ಕಶ್ರೂತ್ ಎನ್ನುತ್ತಾರೆ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಮೆಲುಕು ಹಾಕುವ, ಸೀಳುಗೊರಸಿನವುಗಳ ಮಾಂಸ ಮಾತ್ರ ಆಗುತ್ತದೆ. ಹಂದಿ, ಸೀಗಡಿ, ಏಡಿ ಆಗುವುದಿಲ್ಲ. ನುರಿತವನು ಒಂದೇ ಎಳೆತಕ್ಕೆ ಕೊಯ್ದು ರಕ್ತ ಬಸಿಯಬೇಕು. ಮಾಂಸಕ್ಕೂ ಹಾಲಿಗೂ ಕೂಡಿಕೆ ಇಲ್ಲ. ಪಾತ್ರೆಗಳೂ ಬೇರೆ ಬೇರೆ. ಕೊಂಕಣದ ಅಡಿಗೆಗೆ ಈ ಕೊನೆಯ ನೇಮ ತೊಡಕಾಗಲೇ ಇಲ್ಲ, ಏಕೆಂದರೆ ಸಾರಿಗೆ ಬೀಳುವುದು ತೆಂಗಿನ ಹಾಲು.

ಪಂಚಾಂಗ ನಮ್ಮದಕ್ಕೆ ಹತ್ತಿರ. ತಿಂಗಳು ಚಂದ್ರನದು, ವರ್ಷ ಸೂರ್ಯನದು. ಹೊಂದಿಸಲು ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ. ಹೊಸ ವರ್ಷ ಅನೇಕ ಸಲ ನವರಾತ್ರಿಯ ಘಟಸ್ಥಾಪನೆಯ ಆಸುಪಾಸಿಗೆ ಬರುವುದು ಇದರಿಂದಲೇ. ಅದಾದ ಹತ್ತನೆಯ ದಿನ ಯೋಮ್ ಕಿಪ್ಪೂರ್, ನೀರೂ ಕುಡಿಯದ ಉಪವಾಸ. ವಸಂತದ ಹುಣ್ಣಿಮೆಗೆ ಪಾಸ್ಕ: ಈಜಿಪ್ಟ್ ಬಿಟ್ಟ ಅವಸರದಲ್ಲಿ ಹಿಟ್ಟು ಹುಳಿಯಲಿಲ್ಲವೆಂದು ಹುಳಿಯಿಲ್ಲದ ರೊಟ್ಟಿ ತಿಂದು, ಮನೆಯ ಅತಿ ಕಿರಿಯ ಮಗು ಪ್ರಶ್ನೆ ಕೇಳಿ, ಹಿರಿಯರು ಕಥೆ ಹೇಳುವ ರಾತ್ರಿ.

ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ. ಹದಿಮೂರಕ್ಕೆ ಬಾರ್ ಮಿತ್ಸ್ವಾ, ಅಂದು ಸಭೆಯಲ್ಲಿ ತೋರಾ ಓದಿ ಹೊಣೆ ಹೊರುತ್ತಾನೆ. ಹೆಣ್ಣಿಗೆ ಹನ್ನೆರಡಕ್ಕೆ ಬಾತ್ ಮಿತ್ಸ್ವಾ. ಪೂರ್ಣ ಪ್ರಾರ್ಥನೆಗೆ ಹತ್ತು ಜನರ ಕೋರಂ ಬೇಕು. ಸಾಂಪ್ರದಾಯಿಕರಲ್ಲಿ ಗಂಡಸರೇ ಆಗಬೇಕು. ಭಾರತದ ಹಲವು ಸಿನಗಾಗುಗಳಿಗೆ ಇಂದು ಈ ಹತ್ತು ಜನ ಕೂಡಿಸುವುದೇ ಕಷ್ಟದ ಕೆಲಸ. ಸತ್ತವರನ್ನು ಹೂಳುತ್ತಾರೆ, ಏಳು ದಿನ ಸೂತಕದ ಹಾಗೆ ಮನೆಯಲ್ಲೇ ಕೂರುತ್ತಾರೆ.

ಬೆನೆ ಇಸ್ರೇಲರದೇ ಆದ ವಿಧಿ ಮಲೀದಾ. ಅವಲಕ್ಕಿ, ಕಾಯಿತುರಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ಒಣಹಣ್ಣು ಕಲಸಿ, ಹಣ್ಣುಗಳನ್ನು ಜೋಡಿಸಿದ ತಾಟನ್ನು ಮುಂದಿಟ್ಟು ಪ್ರವಾದಿ ಎಲೀಯನನ್ನು ಹಾಡಿ ನೆನೆಯುತ್ತಾರೆ. ಹರಕೆ, ಗೃಹಪ್ರವೇಶ, ಮದುವೆ ಯಾವುದಕ್ಕೂ ಇದು ಬೇಕು. ಅಲಿಬಾಗಿನ ಬಳಿಯ ಬಂಡೆಯೊಂದರ ಮೇಲಿನ ಗುರುತು ಎಲೀಯನ ರಥ ಸ್ವರ್ಗಕ್ಕೆ ಏರಿದ ಜಾಗದ್ದೆಂದು ನಂಬಿ ಹರಕೆ ಹೊತ್ತವರು ಅಲ್ಲಿಗೆ ಹೋಗುತ್ತಾರೆ. ಬೇರೆ ಯಹೂದಿಗಳಲ್ಲಿ ಈ ರೂಪದ ವಿಧಿ ಇಲ್ಲ; ಇದು ಅಶಾಸ್ತ್ರೀಯವೆಂದು ಮೂಗುಮುರಿದ ರಬ್ಬಿಗಳೂ ಇದ್ದರು. ಇಸ್ರೇಲಿಗೆ ಹೋದ ಬೆನೆ ಇಸ್ರೇಲರು ಅದನ್ನು ಬಿಡಲಿಲ್ಲ.

ವಲಸೆ, ಉಳಿಕೆ

1951ರಲ್ಲಿ ಭಾರತದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. ಮೂರು ಗುಂಪು: ಕೊಂಕಣದ ಬೆನೆ ಇಸ್ರೇಲರು, 1568ರ ಪರದೇಶಿ ಸಿನಗಾಗಿಗೆ ಹೆಸರಾದ ಕೊಚ್ಚಿಯವರು, 1832ರಲ್ಲಿ ಮುಂಬಯಿಗೆ ಬಂದ ಡೇವಿಡ್ ಸಾಸೂನನಂಥ ಬಾಗ್ದಾದಿಗಳು. ಹೆಚ್ಚಿನವರು ಇಸ್ರೇಲಿಗೆ ಹೋದರು. ಅವರನ್ನು ಓಡಿಸಿದವರು ಯಾರೂ ಇರಲಿಲ್ಲ. ಹೊಸ ದೇಶದ ಸೆಳೆತ, ಇಂಗ್ಲಿಷರು ಹೋದ ಮೇಲಿನ ನೌಕರಿಯ ಆತಂಕ, ನೆಂಟರು ಹೋದರೆಂಬುದು ಕಾರಣಗಳು. ಅಲ್ಲಿ ಮಾತ್ರ ಅವಮಾನ ಕಾದಿತ್ತು. ಬೆನೆ ಇಸ್ರೇಲರ ಯಹೂದಿತನವನ್ನೇ ಶಂಕಿಸಿ ಮದುವೆಗೆ ತನಿಖೆ ಬೇಕೆಂದು ಮುಖ್ಯ ರಬ್ಬಿಗಳ ಕಚೇರಿ ನಿಯಮ ಮಾಡಿತು. ಶತಮಾನಗಳ ಕಾಲ ಊರವರು ಕೇಳದ ಪ್ರಶ್ನೆಯನ್ನು ಸ್ವಂತ ಧರ್ಮದವರು ಕೇಳಿದರು. ಧರಣಿ, ಉಪವಾಸಗಳಾದ ಮೇಲೆ 1964ರಲ್ಲಿ ಆ ನಿಯಮ ಹಿಂದೆ ಸರಿಯಿತು.

ಬೆಂಗಳೂರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿ ಕುಟುಂಬಗಳೂ ಸೈನ್ಯದಲ್ಲಿದ್ದ ಬೆನೆ ಇಸ್ರೇಲರೂ ಬಂದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಾಗ್ದಾದಿ ಯಹೂದಿಯಾದ ರೂಬಿನ್ ಮೋಸೆಸ್ ತೆರೆದ ಬೂಟಿನ ಅಂಗಡಿ ಹೆಸರುವಾಸಿಯಾಗಿತ್ತು. ಮೈಸೂರು ರಸ್ತೆಯ ಬದಿಯ ಪುಟ್ಟ ಯಹೂದಿ ಸ್ಮಶಾನದಲ್ಲಿ ಅವರ ಗೋರಿಗಳಿವೆ. ಈಗ ಕರ್ನಾಟಕಕ್ಕೆ ಬರುವ ಯಹೂದಿಗಳು ಹೆಚ್ಚಾಗಿ ಸೇನೆಯ ಕಡ್ಡಾಯ ಸೇವೆ ಮುಗಿಸಿ ಗೋಕರ್ಣ, ಹಂಪಿ ಸುತ್ತುವ ಇಸ್ರೇಲಿ ತರುಣರು; ಅವರಲ್ಲಿ ಶಾಸ್ತ್ರ ಬಿಟ್ಟವರೇ ಬಹಳ. 1992ರಲ್ಲಿ ಭಾರತ–ಇಸ್ರೇಲ್ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಮೇಲೆ ಕೃಷಿಯ ಒಪ್ಪಂದಗಳೂ ಬಂದವು. ಕೋಲಾರದ ಮಾವು, ಬಾಗಲಕೋಟೆಯ ದಾಳಿಂಬೆ, ಧಾರವಾಡದ ತರಕಾರಿ ಕೇಂದ್ರಗಳು ಅವುಗಳ ಫಲ.

ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಮಾನ್ಯತೆ ಕೊಟ್ಟಿತು, ಗುಜರಾತ್ 2018ರಲ್ಲಿ. ಇಂದು ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಇಸ್ರೇಲಿನ ಅಶ್ದೋದ್, ದಿಮೋನಾ, ಬೇರ್‌ಶೆಬಾ, ಲೋದ್ ಊರುಗಳಲ್ಲಿದ್ದಾರೆ, ಮತ್ತು ಅಲ್ಲಿಂದಲೂ ‘ಮಾಯ್‌ಬೋಲಿ’ ಎಂಬ ಮರಾಠಿ ಪತ್ರಿಕೆ ಹೊರಡಿಸಿದ್ದಾರೆ.